ಇಪ್ಪತ್ತೊಂದು ದಿನ ಭಾರ ಹಾಕಬ್ಯಾಡ್ರಿ

ನಮ್ಮ ಕಾಕಾ ಯಾರ ಮನೆಗೆ ಹೋದರೂ ಮನೆಯವರಿಗಿಂತ ಮೊದಲು ಗೋಡೆಯನ್ನು ಮಾತಾಡಿಸುತ್ತಿದ್ದರು! ಚಪ್ಪಲಿ ಬಿಟ್ಟವರೇ ಬೆರಳು ಮಡಚಿ ಟಕಟಕ ಬಡಿಯುವುದು, ಕಿವಿ ಹಚ್ಚಿ ಕೇಳುವುದು. ಗೋಡೆ ಏನು ಹೇಳುತ್ತಿತ್ತೋ, ಆಮೇಲೆಯೇ "ಆರಾಮಿದ್ದೀರೇನ್ರಿ?" ಎಂದು ನಮ್ಮ ಕಡೆ ತಿರುಗುತ್ತಿದ್ದರು. ಸರಕಾರಿ ಕಟ್ಟಡಗಳ ತಪಾಸಣೆ ಅವರ ನೌಕರಿ. ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರೂ ಕಡೆ ಅವರ ಬೆರಳೇಟು ತಿನ್ನದ ಶಾಲೆಯ ಕೋಣೆ ಇರಲಿಕ್ಕಿಲ್ಲ. ಗೋಡೆ ಕಟ್ಟುವ ಗೌಂಡಿಗಳು ಬೆನ್ನ ಹಿಂದೆ ಅವರನ್ನು ಡಾಕ್ಟರ್ ಎನ್ನುತ್ತಿದ್ದರು.

ಗುತ್ತಿಗೆದಾರರ ಚಹಾ ಮಾತ್ರ ಮುಟ್ಟುವವರಲ್ಲ. ಸಂತೆಕಲ್ಲೂರಿನಲ್ಲಿ ಒಬ್ಬ ಬಹಳ ಒತ್ತಾಯ ಮಾಡಿದಾಗ, "ನಿಮ್ಮ ಚಾ ಕುಡುದ್ರ ನನ್ನ ಕಿವಿ ಮಂದ ಆಗ್ತಾವ್ರಿ" ಎಂದರಂತೆ. ಆತ ಪಾಪ, ಚಹಾದಲ್ಲಿ ಏನು ಬಿದ್ದಿದೆಯೋ ಎಂದು ಕಪ್ಪಿನೊಳಗೆ ಇಣುಕಿ ನೋಡಿದನಂತೆ.

ಅವರ ಬಾಯಲ್ಲಿ ಒಂದೇ ಮಂತ್ರ: ಹೊಸ ಸಿಮೆಂಟಿಗೆ ಇಪ್ಪತ್ತೊಂದು ದಿನ ನೀರು ಹೊಡೆಯಬೇಕು, ಅಲ್ಲಿಯವರೆಗೆ ಮೇಲೆ ಭಾರ ಹಾಕಬಾರದು. ನೀರು ಕುಡಿದಷ್ಟೂ ಅದು ಗಟ್ಟಿ. ಈ ಮಂತ್ರ ಸಿಮೆಂಟಿಗೇ ಮುಗಿದಿದ್ದರೆ ನಾನೇಕೆ ಬರೆಯುತ್ತಿದ್ದೆ? ನಾನು ಹೊಸ ಸೈಕಲ್ ತಂದಾಗ ಇಪ್ಪತ್ತೊಂದು ದಿನ ಡಬಲ್ ಸೀಟ್ ಬಂದ್ ಮಾಡಿಸಿದರು!

ಕಾಕಾನ ಮಗನಿಗೆ ಹೆಣ್ಣು ನೋಡಲು ದಢೇಸುಗೂರಿಗೆ ಹೋಗಿದ್ದೆವು. ಎಲ್ಲರೂ ಹುಡುಗಿಯ ದಾರಿ ಕಾಯುತ್ತಿದ್ದರೆ ಕಾಕಾ ಪಡಸಾಲೆಯ ಗೋಡೆಗೆ ಕಿವಿ ಹಚ್ಚಿ ನಿಂತಿದ್ದರು. "ಸಿಮೆಂಟ್ ಗಿಲಾವು ಟೊಳ್ಳೈತ್ರಿ" ಎಂದುಬಿಟ್ಟರು. ಹುಡುಗಿಯ ಅಪ್ಪನ ಮುಖ ಕಪ್ಪಿಟ್ಟಿತು. ಚಿಗವ್ವ, ಅಂದರೆ ಕಾಕಾನ ಹೆಂಡತಿ, ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಆಗ ಚಹಾ ಹಿಡಿದು ಬಂದ ಹುಡುಗಿ ತಲೆ ತಗ್ಗಿಸಿಕೊಂಡೇ ಹೇಳಿದಳು: "ಎಂಟ ದಿನಾನ ನೀರು ಹೊಡ್ದಾರ್ರಿ. ನಾ ಹೇಳಿದ್ದೆ, ಯಾರೂ ಕೇಳ್ಲಿಲ್ಲ." ಇನ್ನು ಮಗನನ್ನು ಯಾರು ಕೇಳುತ್ತಾರೆ? ಕಾಕಾ ಅಲ್ಲೇ ಮಾತು ಕೊಟ್ಟರು.

ಸೊಸೆ ಮನೆ ತುಂಬಿದ ಮರುದಿನ ಕಾಕಾ ಅಡಿಗೆಮನೆ ಬಾಗಿಲಲ್ಲಿ ನಿಂತು ಹುಕುಂ ಹೊರಡಿಸಿದರು. ಇಪ್ಪತ್ತೊಂದು ದಿನ ಈಕೆಯ ಮೇಲೆ ಯಾರೂ ಭಾರ ಹಾಕಕೂಡದು. ಚಿಗವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ನಾ ಬಂದ ಮರುದಿನಾನ ಹದಿನೈದು ಮಂದಿಗೆ ರೊಟ್ಟಿ ಬಡ್ದೀನಿ. ಅವತ್ತ ಎಲ್ಲಿ ಹೋಗಿತ್ರಿ ನಿಮ್ಮ ಇಪ್ಪತ್ತೊಂದು ದಿನ?"

ಮೂರು ಊರಿನ ಗೋಡೆಗಳ ಬಾಯಿ ಬಿಡಿಸಿದ ಕಾಕಾ ಬಾಗಿಲ ಚೌಕಟ್ಟನ್ನೇ ಎರಡು ಸಲ ಬಡಿದು ನೋಡಿದರು. ಕೊನೆಗೆ, ರಿಟೈರ್ ಆದ ಮೇಲೆ ನಿನಗೂ ಕೊಡುತ್ತೇನೆ ಎಂದರು.

ಕೊಟ್ಟ ಮಾತಿಗೆ ತಪ್ಪುವವರೇ? ನೌಕರಿ ಮುಗಿದ ಮರುದಿನ ಚಿಗವ್ವನನ್ನು ಕಟ್ಟೆಯ ಮೇಲೆ ಕೂರಿಸಿ, ಒಲೆಯ ಮುಂದೆ ತಾವು ಕುಳಿತರು. ಮೊದಲ ರೊಟ್ಟಿ ಬೇಯಿಸಿ, ಬೆರಳು ಮಡಚಿ ಬಡಿದು, ಕಿವಿಗೆ ಹಿಡಿದು, ಗಟ್ಟಿಯಾಗಿದೆ ಎಂದು ಹೆಮ್ಮೆಪಟ್ಟರು. ಗಟ್ಟಿಯೇ ಇತ್ತು, ನಾಯಿಯೂ ಮೂಸಿ ಹೋಯಿತು! ಇಡೀ ದಿನ ಹೇಗೋ ತಡೆದುಕೊಂಡ ಚಿಗವ್ವ ಮರುದಿನ ಬೆಳಿಗ್ಗೆ ಹಿಟ್ಟಿನ ಪರಾತ ಕಸಿದುಕೊಂಡಳು. ಉಳಿದ ದಿನ ಆಮೇಲೆ ಕೊಡಿ ಎಂದು ನಕ್ಕಳು.

ಆ "ಆಮೇಲೆ" ಬರಲೇ ಇಲ್ಲ. ಹೋದ ವರ್ಷ ಕಾಕಾ ಕಟ್ಟೆಯ ಮೇಲೆ ಕುಳಿತಲ್ಲೇ ಹೋಗಿಬಿಟ್ಟರು. ಚಿಗವ್ವ ಅಳಲಿಲ್ಲ. ಮಣ್ಣು ಮಾಡಿ ಬಂದ ಮೇಲೂ ಅಳಲಿಲ್ಲ. ಬಂದವರಿಗೆ ನೀರು ಕೊಡಲು, ಚಾಪೆ ಹಾಸಲು ಏಳುತ್ತಲೇ ಇದ್ದಳು. ನಮಗೆಲ್ಲ ಹೆದರಿಕೆ ಹತ್ತಿತು. ಹಿರಿಯರು ಮಾತ್ರ ಒಬ್ಬರಾದ ಮೇಲೊಬ್ಬರು, ಮನೆ ನಡೆಸುವಾಕೆ ನೀನು, ಗಟ್ಟಿಯಾಗಬೇಕು ಎನ್ನುತ್ತಲೇ ಇದ್ದರು. ಸೊಸೆ ಎದ್ದು ಬಂದಳು. ಅತ್ತೆಯ ಕೈಯಿಂದ ಚಾಪೆ ತೆಗೆದುಕೊಂಡು ಅದರ ಮೇಲೆ ಆಕೆಯನ್ನೇ ಕೂರಿಸಿ, ಹಿರಿಯರ ಕಡೆ ತಿರುಗಿದಳು.

"ಇಪ್ಪತ್ತೊಂದು ದಿನ ಯಾರೂ ಅತ್ತಿ ಮ್ಯಾಲ ಭಾರ ಹಾಕಬ್ಯಾಡ್ರಿ. ನೀರಿಲ್ದ ಯಾವುದೂ ಗಟ್ಟಿ ಆಗಂಗಿಲ್ಲಂತ ಮಾವಾರು ಹೇಳ್ಯಾರ."

ಚಿಗವ್ವ ಸೊಸೆಯ ಮುಖವನ್ನೇ ನೋಡಿದಳು.

"ನನಗ ಒಂದ ದಿನ ಕೊಟ್ಟು ಹ್ವಾದ್ರಲ್ಲವ್ವ" ಎಂದಳು.

ಆಮೇಲೆ ಅವಳ ಕಣ್ಣೀರು ನಿಲ್ಲಲಿಲ್ಲ. ನಾವ್ಯಾರೂ ನಿಲ್ಲಿಸಲು ಹೋಗಲಿಲ್ಲ.