ಬುಡದ ಕಾಲು, ತುದಿಯ ಅರ್ಧ

ಐದನೇ ತರಗತಿಗೆ ಭಿನ್ನರಾಶಿ ಪಾಠ ಶುರುವಾಯಿತೆಂದರೆ ನಾನು ಬೆಳಿಗ್ಗೆ ದೀಪ ಹಚ್ಚುವಾಗ ಮಾದಪ್ಪನಿಗೆ ಎರಡು ಬತ್ತಿ ಹೆಚ್ಚಿಗೆ ಇಡುತ್ತೇನೆ. ಆದರೂ ಪ್ರತಿ ವರ್ಷ ಏನಾದರೊಂದು ಆಗಿಯೇ ಆಗುತ್ತದೆ. ಸ್ವಾಮಿಗೂ ನಗಬೇಕು ಅನ್ನಿಸುತ್ತದೋ ಏನೋ!

ಈ ವರ್ಷ ಎರಡನೇ ಬೆಂಚಿನ ಹುಡುಗಿಯೊಬ್ಬಳು ಹಟ ಹಿಡಿದಳು. "ಮೂರಕ್ಕಿಂತ ಎಂಟು ದೊಡ್ಡದಲ್ವಾ ಮಿಸ್? ಅಂಗಾರೆ ಮೂರನೇ ಒಂದಕ್ಕಿಂತ ಎಂಟನೇ ಒಂದೇ ದೊಡ್ಡದು." ಎಷ್ಟು ಹೇಳಿದರೂ ಇಲ್ಲ. ತಿಂಗಳ ಕೊನೆಗೆ ಮಕ್ಕಳನ್ನು ಪ್ರಶ್ನಿಸಲು ಅಧಿಕಾರಿ ಬರುವವರಿದ್ದರು. "ಅಪ್ಪಾ ಮಾದಪ್ಪ, ಇವಳೊಬ್ಬಳು ಸರಿಯಾಗಿ ಹೇಳಿದರೆ, ಈ ನೋಯೋ ಮೊಣಕಾಲಿಟ್ಕೊಂಡೇ ನಿನ್ನ ಬೆಟ್ಟ ಹತ್ತಿ ಬರ್ತೀನಿ" ಎಂದು ಹರಕೆ ಹೊತ್ತೆ.

ಕಬ್ಬು

ಒಂದೇ ಉದ್ದದ ಎರಡು ಜಲ್ಲೆ ತರಿಸಿದೆ. ಒಂದರಲ್ಲಿ ಅರ್ಧ ಕತ್ತರಿಸಿದೆ, ಇನ್ನೊಂದರಲ್ಲಿ ಕಾಲು. "ಯಾರಿಗೆ ಯಾವುದು ಬೇಕು?" ಇಡೀ ತರಗತಿ ಅರ್ಧಕ್ಕೆ ಕೈಯೆತ್ತಿತು. ನಮ್ಮ ಹುಡುಗಿ ಮಾತ್ರ ಕಾಲಿಗೆ.

"ನಾಲ್ಕು ದೊಡ್ಡದು ಅಂತಾನಾ?" ಎಂದೆ, ಬೇಸರದಿಂದ.

"ಅಲ್ಲ ಮಿಸ್. ಇದು ಬುಡದ್ದು. ಅದು ತುದಿ, ಬರೀ ಸಪ್ಪೆ."

ಎತ್ತಿದ್ದ ಕೈಗಳೆಲ್ಲ ಸರ್ರನೆ ಇಳಿದು ಕಾಲಿನ ಕಡೆ ತಿರುಗಿದವು. ನಾನೂ ಎರಡನ್ನೂ ಅಗಿದು ನೋಡಿದೆ. ಆ ದಿನ ಗಣಿತ ಸೋತಿತು.

ತೆಂಗಿನಕಾಯಿ

ಸೋಮವಾರ ಪೂಜೆ ಮಾಡಿಸಿದ ಕಾಯಿಯನ್ನೇ ಶಾಲೆಗೆ ತಂದೆ. "ನೋಡಿ, ಎರಡು ಹೋಳು. ಇದೂ ಅರ್ಧ, ಅದೂ ಅರ್ಧ. ಎರಡೂ ಸಮ."

"ಎಲ್ಲಿ ಸಮ ಮಿಸ್?" ಹಿಂದಿನಿಂದ ಒಬ್ಬ ಎದ್ದ. "ಪೂಜಾರಪ್ಪ ಇಟ್ಕೊಳೋದು ದೊಡ್ಡದು, ನಮ್ಗೆ ಕೊಡೋದು ಚಿಕ್ಕದು!"

ಪೂಜಾರರ ಮೊಮ್ಮಗಳು ಸುಮ್ಮನಿರುತ್ತಾಳೆಯೇ? "ಲೇ, ನಿಮ್ಮವ್ವ ತರೋ ಕಾಯೇ ನಿಂಬೆಹಣ್ಣಿನಷ್ಟಿರ್ತದೆ ಕಣ್ಲಾ!"

"ದೇವರ ಮುಂದೆ ಎಲ್ಲ ಸಮ" ಎಂದು ಕೈಮುಗಿದು ಪಾಠ ಮುಗಿಸಿದೆ. ಮಾರನೇ ದಿನ ಪೂಜಾರರೇ ಗೇಟಿನ ಹತ್ತಿರ ಕಾಯುತ್ತಿದ್ದರು. "ಮೇಡಮ್ಮೋರೇ, ನಿಮ್ಮ ಮಕ್ಳು ಮಂಗಳಾರತಿಗೆ ಸ್ಕೇಲ್ ಹಿಡ್ಕೊಂಡು ಬಂದವ್ರೆ!"

ಲಾಡು

ಅಧಿಕಾರಿ ಬರುವ ಹಿಂದಿನ ದಿನ ಯಾರೋ ಪುಣ್ಯಾತ್ಮರು ಬೆಟ್ಟದಿಂದ ಎರಡು ಲಾಡು ಪ್ರಸಾದ ತಂದುಕೊಟ್ಟರು. ಒಂದನ್ನು ಇಡೀ ತರಗತಿಗೆ ಹಂಚಿದೆ. "ನಂಗೆ ಚೂರೇ ಬಂತು" ಎಂದು ಒಬ್ಬ ಮುಖ ಊದಿಸಿದ. "ಪ್ರಸಾದದಲ್ಲಿ ಹೆಚ್ಚು ಕಮ್ಮಿ ಇಲ್ಲಪ್ಪ. ಸಾಸಿವೆಯಷ್ಟು ತಿಂದರೂ ಪೂರ್ತಿ ಫಲ" ಎಂದು ಸಮಾಧಾನ ಮಾಡಿದೆ.

ಇನ್ನೊಂದನ್ನು ಅಧಿಕಾರಿಗೆಂದು ಮೇಜಿನ ಮೇಲಿಟ್ಟಿದ್ದೆ. ಮಾರನೇ ದಿನ ಅವರು ಬಂದವರೇ ಅದನ್ನು ನೋಡಿ, ಸೀದಾ ನಮ್ಮ ಹುಡುಗಿಯನ್ನೇ ಎಬ್ಬಿಸಿದರು.

"ಈ ಲಾಡಿನಲ್ಲಿ ಅರ್ಧ, ಮೂರನೇ ಒಂದು, ಎಂಟನೇ ಒಂದು. ನಿನಗೆ ಯಾವುದು ಬೇಕಮ್ಮ?"

"ಎಂಟನೇ ಒಂದು ಸಾ."

ಬೆಟ್ಟ, ಮೆಟ್ಟಿಲು, ಹರಕೆ ಎಲ್ಲ ಹೋಯಿತು.

"ಯಾಕಮ್ಮ?"

"ಪ್ರಸಾದ ಅಲ್ವಾ ಸಾ, ಎಷ್ಟು ತಿಂದ್ರೂ ಒಂದೇ ಅಂತ ಮಿಸ್ ಹೇಳವ್ರೆ. ಅದ್ಕೆ ಎಲ್ಲಕ್ಕಿಂತ ಚಿಕ್ಕದು ನಂಗೆ. ನೆನ್ನೆ ಹಂಚ್ದಾಗ್ಲೇ ನೋಡಿದ್ನಲ್ಲ, ಪಾಲು ಜಾಸ್ತಿ ಆದಷ್ಟೂ ಚೂರು ಚಿಕ್ಕದು. ಮೂರನೇ ಒಂದು ಅದ್ಕಿಂತ ದೊಡ್ಡದು, ಅದು ಮಿಸ್‌ಗೆ. ಅರ್ಧ ಎಲ್ಲಕ್ಕಿಂತ ದೊಡ್ಡದು, ಅದು ನಿಮ್ಗೆ. ಉಳಿದ ಪುಡಿ ಇರುವೆಗೆ."

ನನ್ನ ಕಣ್ಣು ತುಂಬಿ ಬಂತು. ಮಾದಪ್ಪಾ, ಹತ್ತುತ್ತೇನೆ ತಂದೆ, ಬರಿಗಾಲಲ್ಲೇ ಹತ್ತುತ್ತೇನೆ!

ಅಧಿಕಾರಿಗೂ ಸಂತೋಷ ತಡೆಯಲಿಲ್ಲ. "ಭೇಷ್! ಆದರೆ ನನಗ್ಯಾಕಮ್ಮ ಅಷ್ಟು ದೊಡ್ಡ ತುಂಡು?"

ಹುಡುಗಿ ಕೈಕಟ್ಟಿ ವಿನಯದಿಂದ ಹೇಳಿದಳು:

"ದೊಡ್ಡ ತುಂಡು ಕೊಟ್ರೆ ಬಂದೋರು ಬೇಗ ಎದ್ದೋಯ್ತಾರೆ ಅಂತ ನಮ್ಮವ್ವ ಅಂತದೆ ಸಾ."

ಪಾಪ, ಆ ಮಹಾನುಭಾವರು ಅರ್ಧ ಲಾಡನ್ನು ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡರು. ನಕ್ಕೂ ನಕ್ಕೂ ಕೆಮ್ಮಿದರು. ಆಮೇಲೆ ಅವಳ ಅವ್ವ ಅಂದ ಹಾಗೆಯೇ ಮಾಡಿದರು.