ಹುಳಿ ಕೊಪ್ಪರಿಗೆಗೊಬ್ಬ ಪೊಲೀಸ

"ಅಲ್ಲ ಮಾವ, ದೊಡ್ಡ ದೇಶ ಅಂದ್ಕೂಡ್ಲೆ ಲೋಕಕ್ಕೆಲ್ಲ ಪೊಲೀಸ್ ಆಯ್ಕ್ ಅಂದೇಳಿ ಇತ್ತಾ? ಯಾರೋ ಎಲ್ಲೋ ಜಗಳ ಮಾಡ್ಕಂಡ್ರೆ ಇವ್ರ್ ಹಡಗ್ ತಕಂಡ್ ಹೋಪುದ್ ಎಂತಕೆ? ಅಮೆರಿಕಕ್ಕೆ ಸ್ವಂತ ಮನಿ ಕೆಲ್ಸ ಇಲ್ಯಾ?"

ಸೌತೆಕಾಯಿ ಹೋಳುಗಳನ್ನು ಹುಳಿಯ ಕೊಪ್ಪರಿಗೆಗೆ ಸುರಿಯುತ್ತ ಗೌರೀಶ್ ಕೇಳಿದ. ಬಾರ್ಕೂರಿನ ಹತ್ತಿರದ ಆ ದೇವಸ್ಥಾನದ ಅಡುಗೆಮನೆಯಲ್ಲಿ ಬೆಳಗಿನಿಂದ ಬೆಂಕಿಗಿಂತ ಹೆಚ್ಚು ಉರಿಯುತ್ತಿದ್ದದ್ದು ಇದೇ ವಿಷಯ. ಅಡುಗೆ ತಂಡದ ಯಜಮಾನರಾದ ಸೋದರಮಾವ ಶಾಮರಾಯರು ಉಪ್ಪು ತುಂಬಿದ ಮರದ ಮರಿಗೆಯ ಪಕ್ಕದಲ್ಲಿ, ಮೊಟ್ಟೆಯ ಮೇಲೆ ಕೂತ ಕೋಳಿಯ ಹಾಗೆ ಕುಳಿತಿದ್ದರು.

"ಮಾಣಿ, ಪಂಕ್ತಿಯಲ್ಲ್ ಬಡ್ಸುಕೆ ಒಬ್ಬ ಹಿರಿಯ ಇಲ್ದಿರೆ ಎಂತ ಆತ್ತ್? ಮೊದ್ಲನೇ ಎಲೆಗೆ ರಾಶಿ ಹೋಳಿಗೆ, ಕಡೀ ಎಲೆಗೆ ಬರೀ ಸೌಟಿನ ಶಬ್ದ. ಲೋಕವೂ ಹಂಗೇ. ಒಬ್ಬ ಕಣ್ಣ್ ಬಿಟ್ಕಂಡ್ ನಿಲ್ಕ್."

"ಆ ಒಬ್ಬನ ಎಲೆಗೆ ಹೋಳಿಗೆ ಎಷ್ಟ್ ಬೀಳತ್ತ್ ಅಂದೇಳಿ ಕಾಂಬವ ಯಾರ್?" ಎಂದರು ಪಲ್ಯದ ಒಲೆಯ ಮುಂದಿದ್ದ ಹೊಳ್ಳರು.

ಶಾಮರಾಯರಿಗೆ ಚುರ್ರೆಂದಿತು. ಯಾಕೆಂದರೆ ಮಾತು ಅಮೆರಿಕದ್ದಾದರೂ ಏಟು ತಮಗೇ ಎಂಬುದು ಅವರಿಗೆ ಗೊತ್ತಿತ್ತು. ದೇವಸ್ಥಾನದ ಅಡುಗೆಯನ್ನು ನೈವೇದ್ಯವಾಗುವ ತನಕ ಯಾರೂ ರುಚಿ ನೋಡುವ ಹಾಗಿಲ್ಲ. ಉಪ್ಪು ಬಿತ್ತೋ ಇಲ್ಲವೋ ಎಂಬುದು ದೇವರು ಉಂಡ ಮೇಲೆಯೇ ಮನುಷ್ಯರಿಗೆ ತಿಳಿಯುವುದು. ಹಾಗಾಗಿ ಶಾಮರಾಯರ ತಂಡದಲ್ಲಿ ಒಂದೇ ಕಾನೂನು. ಯಾವ ಪಾತ್ರೆಗಾದರೂ ಸರಿ, ಉಪ್ಪು ಹಾಕುವ ಕೈ ಶಾಮರಾಯರದ್ದು. ಬೇರೆಯವರ ಕೈ ಮರಿಗೆಯ ಹತ್ತಿರ ಸುಳಿದರೆ ಸೌಟು ಹಾರುತ್ತಿತ್ತು.

ಇವತ್ತಂತೂ ಇನ್ನೂ ಬಿಗಿ. ಬರುವ ಬೇಸಗೆಗೆ ಇಲ್ಲಿ ದೇವಸ್ಥಾನದ ಜೀರ್ಣೋದ್ಧಾರದ ಬ್ರಹ್ಮಕಲಶ. ಊರೂರಿನ ಜನ ಸೇರುವ ಆ ಊಟದ ಅಡುಗೆ ಯಾರಿಗೆಂದು ದೇವಸ್ಥಾನದ ಆಡಳಿತ ನೋಡುವ ಮೊಕ್ತೇಸರ ಭೋಜರಾಜ ಶೆಟ್ಟರು ಇವತ್ತಿನ ಊಟ ಉಂಡು ಹೇಳುವವರಿದ್ದರು. ಮದುವೆ, ಮುಂಜಿ, ಸತ್ತವರ ಬೊಜ್ಜ ಎಲ್ಲ ಬೇಯಿಸಿ ಮುಗಿಸಿದ್ದ ಶಾಮರಾಯರಿಗೆ ಬ್ರಹ್ಮಕಲಶವೊಂದು ಕೈಗೆ ಸಿಕ್ಕಿರಲಿಲ್ಲ. ಒಮ್ಮೆ ಅದು ಆಗಿಬಿಟ್ಟರೆ ಸೌಟು ಗೋಡೆಗೆ ತೂಗುಹಾಕಿದರೂ ಚಿಂತೆಯಿಲ್ಲ ಎಂದು ತಂಡದಲ್ಲೇ ತರಕಾರಿ ಹೆಚ್ಚುವ ಹೆಂಡತಿ ಪದ್ಮಾಕ್ಷಿಯಲ್ಲಿ ಹೇಳಿಯೂ ಇದ್ದರು.

ಅಷ್ಟರಲ್ಲಿ ಶೆಟ್ಟರೇ ಬಾಗಿಲಾಚೆ ಬಂದು ನಿಂತರು. ಮುಂಬೈಯಲ್ಲಿ ಹೋಟೆಲು ನಡೆಸಿ ಊರಿಗೆ ಮರಳಿದ ಮನುಷ್ಯ. ಚರ್ಚೆ ಎಲ್ಲಿದ್ದರೂ ಅವರ ಮೂಗಿಗೆ ಒಗ್ಗರಣೆಯ ವಾಸನೆಯಂತೆ ಬಡಿಯುತ್ತಿತ್ತು.

"ಗೌರೀಶ ಹೇಳುದ್ ಸಮ ಇತ್ತ್ ಭಟ್ರೆ. ನಾನ್ ಹೋಟ್ಲಿನ ದುಡ್ಡಿನ ಗಲ್ಲೆಯಲ್ಲ್ ಕೂಕಂಡವ ಒಂದ್ ದಿನ ಅಡುಗಿ ಮನಿಗೆ ಇಣ್ಕಲಿಲ್ಲೆ. ಅವರವರ ಒಲೆ ಅವರವರಿಗೆ ಬಿಡ್ಕ್. ದೊಡ್ಡವ ಆದವ ಕೈಕಟ್ಟಿ ಕೂಕಂಬುಕೆ ಕಲೀಕ್. ಎಂತ ಹೇಳ್ತ್ರಿ?"

ಬ್ರಹ್ಮಕಲಶ ಕೊಡುವ ಬಾಯಿ ಕೇಳಿದ ಪ್ರಶ್ನೆಗೆ ಇನ್ನೇನು ಉತ್ತರ?

"ನಾನೂ ಅದನ್ನೇ ಹೇಳುದ್!" ಎಂದು ಶಾಮರಾಯರು ಎದ್ದೇಬಿಟ್ಟರು. "ಇವತ್ತಿಂದ ನಮ್ಮ ಸೈನ್ಯ ವಾಪಾಸ್. ಅವರವರ ಪಾತ್ರೆಗೆ ಅವರವರೇ ಉಪ್ಪ್ ಹಾಯ್ಕಣಿ."

ಶೆಟ್ಟರು ಮೆಚ್ಚಿ ತಲೆದೂಗಿ ಹೋದರು. ಶಾಮರಾಯರು ಜಗಲಿಗೆ ಬಂದು ಎಲೆಯಡಿಕೆ ಬಾಯಿಗೆ ಹಾಕಿಕೊಂಡರು. ಹಾಕಿಕೊಂಡರೇ ಹೊರತು ಜಗಿಯಲಾಗಲಿಲ್ಲ. ಕಿಟಕಿಯಿಂದ ಕಾಣುತ್ತಿದ್ದ ಗೌರೀಶ್ ಹಿಂಬಾಗಿಲಲ್ಲಿ ನಿಂತು ಮೊಬೈಲಿನಲ್ಲಿ ಯುದ್ಧದ ಹಡಗು ನೋಡುತ್ತಿದ್ದ. ಹುಳಿ ಕೊತಕೊತ ಕುದಿಯುತ್ತಿತ್ತು. ಉಪ್ಪು? ಬಿದ್ದಿರಲಿಕ್ಕಿಲ್ಲ. ಬೀಳುವುದಾದರೂ ಹೇಗೆ, ಮಾಣಿಯ ಜೀವ ಸಮುದ್ರದ ಮಧ್ಯದಲ್ಲಿರುವಾಗ?

ಗೌರೀಶ್ ಕೊಡ ಹಿಡಿದು ಬಾವಿಯ ಕಡೆ ಹೋದದ್ದೇ ತಡ, ಶಾಮರಾಯರು ಹಾಲಿಗೆ ಹೊರಟ ಬೆಕ್ಕಿನ ಹಾಗೆ ಒಳನುಗ್ಗಿ, ಬೊಗಸೆ ತುಂಬ ಉಪ್ಪು ಹುಳಿಗೆ ಹಾಕಿ, ಬಂದ ದಾರಿಯಲ್ಲೇ ಮರಳಿದರು. ಎಲೆಯಡಿಕೆ ಈಗ ರುಚಿಸಿತು.

ಸ್ವಲ್ಪ ಹೊತ್ತಿಗೆ ಪದ್ಮಾಕ್ಷಿ ಬಂದು ಪಕ್ಕದಲ್ಲಿ ಕುಳಿತರು.

"ಹ್ವಾಯ್, ಒಂದ್ ಗುಟ್ಟ್ ಹೇಳ್ತೆ, ಬಯ್ಬೇಡಿ. ಆ ಮಾಣಿ ಮೊಬೈಲಲ್ಲೇ ಮುಳುಗಿದ್ದ. ಹುಳಿಗೆ ಉಪ್ಪ್ ನಾನೇ ಹಾಕ್ದೆ."

ಶಾಮರಾಯರು ಬಾಯಿಯ ಎಲೆಯಡಿಕೆಯನ್ನು ಹಾಗೇ ನುಂಗಿದರು. ಕಿಟಕಿಯಲ್ಲಿ ಹೊಳ್ಳರ ತಲೆ ಕಾಣಿಸಿತು.

"ಹಂಗಾರೆ ನೀವೂ ಹಾಕಿದ್ರ್ಯಾ? ನೆರೆಮನೆ ಒಲೆ ಅಂದೇಳಿ ಕಣ್ಣ್ ಮುಚ್ಕಂಡ್ ಕೂಕಂಬುಕೆ ಆಗದೆ ನಾನೂ ಒಂದ್ ಬೊಗಸೆ ಹಾಕ್ದೆ ಮಾರಾಯ್ರೆ..."

ಬಾವಿಯಿಂದ ಬಂದ ಗೌರೀಶನ ಕೊಡ ಧಡ್ಡನೆ ನೆಲಕ್ಕೆ ಕೂತಿತು. "ಎಂತ ಕತಿ ನಿಮ್ದ್? ನಾನ್ ಉಪ್ಪ್ ಹಾಕಿಯೇ ಮೊಬೈಲ್ ತೆಗ್ದದ್ದ್!"

ನಾಲ್ವರೂ ಕೊಪ್ಪರಿಗೆಯ ಸುತ್ತ ಸೇರುವಷ್ಟರಲ್ಲಿ ಅರ್ಚಕರು ಬಂದು ನೈವೇದ್ಯದ ಪಾತ್ರೆಗೆ ಹುಳಿ ತುಂಬಿಸಿಕೊಂಡು ಗರ್ಭಗುಡಿಗೆ ನಡೆದಾಗಿತ್ತು. ತಡೆಯಲು ಹೋದ ಶಾಮರಾಯರು ಹೊಸ್ತಿಲಿನಿಂದಲೇ ಹಿಂತಿರುಗಿದರು. ಏನೆಂದು ಹೇಳುವುದು?

"ದೇವ್ರಿಗೆ ಬಿ.ಪಿ. ಇಲ್ಲೆ ಬಿಡಿ," ಎಂದು ಹೊಳ್ಳರು ಕೈಮುಗಿದರು.

ಮಂಗಳಾರತಿಯ ಗಂಟೆ ನಿಂತದ್ದೇ ಗೌರೀಶ್ ಒಂದು ಹನಿ ನಾಲಗೆಗೆ ಬಿಟ್ಟುಕೊಂಡ. ಎರಡು ಕಣ್ಣುಗಳೂ ಮೂಗಿನ ಮೇಲೆ ಬಂದು ಭೇಟಿಯಾದವು. "ಗಂಗೊಳ್ಳಿ ಅಳಿವೆಯ ಸಮುದ್ರದ ನೀರ್!" ಎಂದಷ್ಟೇ ಹೇಳಿದ.

"ಯಾರೂ ಮುಟ್ಬೇಡಿ! ನಾನ್ ಕಾಣ್ತೆ!" ಶಾಮರಾಯರು ಗುಡುಗಿದರು.

"ನಿಮ್ಮ ಸೈನ್ಯ ವಾಪಾಸ್ ಹೋಯ್ತಲೆ ಮಾವ," ಎನ್ನುತ್ತ ಗೌರೀಶ್ ಮಿಕ್ಕಿದ್ದ ಬೆಂದ ಬೇಳೆಯನ್ನೆಲ್ಲ ಸುರಿದ. ಹೊಳ್ಳರು ಬಾವಿಯ ನೀರು ತಂದು ಹೊಯ್ದರು. ಪದ್ಮಾಕ್ಷಿ ಬೆಲ್ಲದ ಅಚ್ಚು ಎಸೆದರು. ಶಾಮರಾಯರು ಸಂಜೆಗೆಂದು ಇಟ್ಟಿದ್ದ ತೆಂಗಿನಕಾಯಿ ಮಸಾಲೆ ಪೂರ್ತಿ ಬಳಿದು ಹಾಕಿ, ಹುಣಿಸೆ ಹಿಂಡಿ, ಕಡೆಗೆ ಪಲ್ಯಕ್ಕೆಂದು ಇಟ್ಟಿದ್ದ ಗೆಣಸನ್ನೂ ಬೇಯಿಸಿ ಅದಕ್ಕೇ ಸುರಿದರು. ಒಂದು ಕೊಪ್ಪರಿಗೆ ಎರಡಾಯಿತು. ಬಣ್ಣ ನೆರೆ ಬಂದ ಹೊಳೆಯದ್ದು. ಹೊರಗೆ ಪಂಕ್ತಿ ಕೂತು "ಹುಳಿ, ಹುಳಿ" ಎನ್ನುತ್ತಿತ್ತು. ಇನ್ನೊಮ್ಮೆ ರುಚಿ ನೋಡಲು ಯಾರಿಗೂ ಧೈರ್ಯವಿರಲಿಲ್ಲ. ಬಡಿಸಿದರು.

ಶಾಮರಾಯರು ಕಂಬದ ಮರೆಯಿಂದ ಶೆಟ್ಟರ ಕೈಯನ್ನೇ ನೋಡಿದರು. ಕೈ ಬಾಯಿಗೆ ಹೋಯಿತು. ನಿಂತಿತು. ಮತ್ತೆ ಹೋಯಿತು. ಶೆಟ್ಟರು ಹುಳಿ ಬಡಿಸುವವನನ್ನು ಕರೆದು ಹಾಕಿಸಿಕೊಂಡರು, ಹಾಕಿಸಿಕೊಂಡು ಮತ್ತೆ ಕರೆದರು. ಕೈತೊಳೆದು ನೇರ ಅಡುಗೆಮನೆಯ ಬಾಗಿಲಿಗೇ ಬಂದರು.

"ಹುಳಿ ಅಂದ್ರೆ ಇದ್ ಕಾಣಿ ಭಟ್ರೆ! ಮುಂಬೈಯಲ್ಲೂ ತಿಂದಿಲ್ಲೆ. ಬ್ರಹ್ಮಕಲಶಕ್ಕೂ ಇದೇ ಆಯ್ಕ್!"

ಶಾಮರಾಯರ ಕಣ್ಣು ತೇವವಾಯಿತು. ಕೈ ಮುಗಿಯಲು ಹೊರಟರು.

"ಬೆಳಿಗ್ಗೆ ನಾನ್ ಹೇಳಿದ್ ಸಮ ಆಯ್ತಲೆ? ನೀವ್ ಹೊರಗೆ ಕೂಕಂಡದ್ದಕ್ಕೇ ಹುಡ್ಗ್ರ ಕೈ ಇಷ್ಟ್ ತಿರ್ಗಿದ್ದ್. ಬ್ರಹ್ಮಕಲಶ ಗೌರೀಶನಿಗೇ ಆಯ್ಲಿ. ನೀವ್ ಆರಾಮ ತಕಣಿ."

ಮುಗಿಯಲು ಹೊರಟ ಕೈ ಅರ್ಧದಲ್ಲೇ ನಿಂತಿತು. ಹುಳಿ ಹೀಗಾದದ್ದು ಹೇಗೆಂಬ ನಿಜ ಹೇಳಹೊರಟರೆ ದೇವರಿಗೆ ಉಣಿಸಿದ ಉಪ್ಪು ಹುಳಿಯ ಕತೆಯನ್ನೂ ಹೇಳಬೇಕು. "ಆಯ್ಲಿ," ಎಂದರು ಶಾಮರಾಯರು.

ಶೆಟ್ಟರು ಹೋದ ಮೇಲೆ ಗೌರೀಶ್ ಮಾವನ ಮುಖ ನೋಡಲಾಗದೆ ಅತ್ತಿತ್ತ ಸುಳಿದ. "ಮಾವ, ನಾನ್ ಕೇಂಡದ್ದಲ್ಲ. ನೀವೂ ಬರ್ಕೇ ಬರ್ಕ್, ನೀವಿಲ್ದೆ ಆತ್ತಿಲ್ಲೆ." ಮತ್ತೆ ಗಂಟಲು ಸರಿಮಾಡಿಕೊಂಡು ಎಲ್ಲರಿಗೂ ಕೇಳುವಂತೆ ಹೇಳಿದ, "ಆರೆ ಒಂದ್ ಮಾತ್. ಬ್ರಹ್ಮಕಲಶದಲ್ಲ್ ಉಪ್ಪಿಗೆ ಕೈ ಹಾಕುದ್ ನಾನ್ ಮಾತ್ರ."

"ಹಂಗಾರೆ ಅಮೆರಿಕದ ಕತಿ ಎಂತಾಯ್ತಾ ಮಾಣಿ?"

"ಅದ್ ಬೇರೆ ಮಾವ. ಇದ್ ಜವಾಬ್ದಾರಿ."

ಪದ್ಮಾಕ್ಷಿ ನಗು ನುಂಗಿಕೊಂಡು ಗಂಡನಿಗೆ ಎಲೆ ಹಾಕಿದರು. ಗೌರೀಶನೇ ಬಗ್ಗಿ ಹುಳಿ ಬಡಿಸಿದ. ಶಾಮರಾಯರು ಮುಖ ಗಂಟು ಹಾಕಿಕೊಂಡೇ ಒಂದು ತುತ್ತು ಕಲಸಿ ಬಾಯಿಗಿಟ್ಟರು. ಆಮೇಲೆ ಯಾರ ಮುಖವನ್ನೂ ನೋಡದೆ, ಇನ್ನಷ್ಟು ಹುಳಿಗೆಂದು ಅನ್ನದ ಮಧ್ಯ ಇನ್ನೊಂದು ಹೊಂಡ ತೋಡಿದರು.