ನಿಂತ ಕಂಪ್ಯೂಟರಿಗೆ ನಾಲ್ವರು ವೈದ್ಯರು

ಮನೆಗೆ ಒಂದು ಯಂತ್ರ ಬಂತೆಂದರೆ ಅದರ ಬೆನ್ನಿಗೇ ಅದನ್ನು ಬಲ್ಲವರು ಹತ್ತು ಮಂದಿ ಬರುತ್ತಾರೆ. ಬಲ್ಲವರು ಬಂದಷ್ಟೂ ಯಂತ್ರ ಕೆಡುತ್ತದೆ, ಯಂತ್ರ ಕೆಟ್ಟಷ್ಟೂ ಮನೆಯ ಯಜಮಾನನ ಬಾಯಿ ಕೆಡುತ್ತದೆ. ಇಚಲಕರಂಜಿಯ ನಮ್ಮ ಓಣಿಯಲ್ಲಿ ಇದು ನಡೆದೇ ಇರುತ್ತದೆ. ನಾನು ಮುಂಜಾನೆ ಎದ್ದು ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ನೂರೆಂಟು ಸಲ ದೇವರ ಹೆಸರು ಹೇಳುವ ಮನುಷ್ಯ. ಆದರೆ ಈ ಎರಡು ವರ್ಷ ಕಂಪ್ಯೂಟರಿನ ಮುಂದೆ ಕೂತು ನಾನು ಆಡಿದ ಮಾತುಗಳನ್ನು ದೇವರು ಕೇಳಿಸಿಕೊಂಡಿದ್ದರೆ, ಆ ನೂರೆಂಟನ್ನೂ ಹೊಳ್ಳಿ ನನ್ನ ಉಡಿಗೇ ಹಾಕಿ ಕಳಿಸುತ್ತಿದ್ದ.

ಸಿಟ್ಟಿಗೆ ಕಾರಣ ಇತ್ತು. ನಮ್ಮ ಭಜನಿ ಮಂಡಳಿಯ ಪದಗಳೆಲ್ಲ ಒಂದು ದಪ್ಪ ವಹಿಯಲ್ಲಿದ್ದವು. ಮಹಾಪೂರ ಬಂದಾಗ ಪಂಚಗಂಗೆಯ ನೀರು ಗುಡಿಯೊಳಗೆ ಹೊಕ್ಕು ಆ ವಹಿ ತೊಯ್ದು, ಒಣಗಿ, ಹಪ್ಪಳವಾಯಿತು. ಒಂದು ಸಲ ಹಾಳೆ ತಿರುವಿದರೆ ಎರಡನೆಯ ಸಲ ಅದು ಮುರಿದು ಕೈಗೆ ಬರುವುದು. ಅದು ಪೂರಾ ಪುಡಿಯಾಗುವುದರೊಳಗೆ ಪದಗಳನ್ನು ಕಂಪ್ಯೂಟರಿನಲ್ಲಿ ಇಳಿಸಿ, ಶ್ರಾವಣಕ್ಕೆ ಪುಸ್ತಕ ಮಾಡಬೇಕೆಂದು ಮಂಡಳಿ ಗೊತ್ತು ಮಾಡಿತು. ಗಡಿಯಾಚೆಯ ಹಳ್ಳಿ ಸಾಲೆಯಲ್ಲಿ ಏಳನೆಯ ಇಯತ್ತೆವರೆಗೆ ಕನ್ನಡ ಕಲಿತವನು ನಾನೊಬ್ಬ, ಯಾರೋ ವಾಪರಿಸಿ ಬಿಟ್ಟ ಹಳೆಯ ಕಂಪ್ಯೂಟರನ್ನು ಆಗಷ್ಟೇ ಮನೆಗೆ ತಂದವನೂ ನಾನೊಬ್ಬ. ಹೀಗಾಗಿ ಭಾರ ನನ್ನ ತಲೆಗೆ ಬಂತು.

ಒಂದು ಬೆರಳಿನಿಂದ ಒಂದೊಂದು ಅಕ್ಷರ ಒತ್ತುವುದು. ನಾನು ‘ಗುರುವೇ’ ಎಂದು ಒತ್ತಿ ಮುಗಿಸಿದರೆ, ಅದು ‘ಗು’ ತೋರಿಸುವುದರೊಳಗೆ ಒಲೆಯ ಮೇಲಿನ ಹಾಲು ಉಕ್ಕಿ ಹೋಗುವುದು. ಆಮೇಲೆ ಅದೂ ನಿಂತು, ಬಾಣದ ಗುರುತು ಸತ್ತ ನೊಣದ ಹಾಗೆ ಕಾಚಿಗೆ, ಅದರ ಗಾಜಿನ ಪರದೆಗೆ, ಅಂಟಿಕೊಳ್ಳುವುದು.

ಕಿವಿ ಹಚ್ಚಿದ ಜಾಬರ

ನಮ್ಮ ಮನೆಗೆ ಹತ್ತಿಕೊಂಡೇ ನಾಲ್ಕು ಮಗ್ಗದ ನಮ್ಮ ಕಾರಖಾನೆ ಇದೆ. ಮಗ್ಗ ಕೆಟ್ಟರೆ ರಿಪೇರಿಗೆ ಬರುವ ಜಾಬರ ಒಬ್ಬನಿದ್ದಾನೆ. ಮಗ್ಗದ ಸದ್ದು ಕೇಳಿಯೇ ರೋಗ ಹೇಳುತ್ತಾನೆ. ನಾನು ಕಂಪ್ಯೂಟರಿಗೆ ಬೈಯುವುದು ಗೋಡೆಯಾಚೆಗೆ ಕೇಳಿಸಿ, ತಾನಾಗಿಯೇ ಒಳಗೆ ಬಂದ. ಬಂದವನೇ ಕಂಪ್ಯೂಟರಿನ ಡಬ್ಬಿಗೆ ಕಿವಿ ಹಚ್ಚಿ ಕಣ್ಣು ಮುಚ್ಚಿಕೊಂಡ.

“ಬೇರಿಂಗ್ ಹೋಗೇತಿ, ಮಾಲಕ.”

“ಇದು ಮಗ್ಗ ಅಲ್ಲೋ ಮಾರಾಯಾ.”

“ತಿರಗತೈತೋ ಇಲ್ಲೋ? ತಿರಗೂದೆಲ್ಲಾ ಒಂದ ಜಾತಿ. ವಾಯರ್ ಕೀಳ್ರಿ.”

ವಾಯರ್ ಕಿತ್ತು, ಡಬ್ಬಿ ಬಿಚ್ಚಿದ. ಒಳಗಿನಿಂದ ಹತ್ತಿಯ ಧೂಳು ಬಂತು ನೋಡಿ, ಒಂದು ತಲೆದಿಂಬಿಗೆ ಆಗುವಷ್ಟು! ನನ್ನ ಹೆಂಡತಿ ಅದನ್ನು ಬುಟ್ಟಿಯಲ್ಲಿ ತುಂಬಿಟ್ಟುಕೊಂಡಳು. ಅಷ್ಟಕ್ಕೇ ಬಿಟ್ಟಿದ್ದರೆ ಚಲೋ ಇತ್ತು. ಅವನು ಕಿಸೆಯಿಂದ ಮಗ್ಗದ ಎಣ್ಣೆಯ ಡಬ್ಬಿ ತೆಗೆದು, ನಾನು ಬೇಡ ಬೇಡ ಅನ್ನುತ್ತಿದ್ದಂತೆ ಒಳಗಿನ ಫ್ಯಾನಿಗೆ ಐದಾರು ಹನಿ ಬಿಟ್ಟ. ಚಾಲೂ ಮಾಡಿದೊಡನೆ ಫ್ಯಾನು ಗರ್ರನೆ ತಿರುಗಿ, ಪೂಜೆಗೆಂದು ಉಟ್ಟ ನನ್ನ ಮಡಿ ಧೋತರದ ಮೇಲೆ ಎಣ್ಣೆಯ ರಂಗೋಲಿ ಬಿಡಿಸಿತು.

“ಏನ ಮಾಡಿದ್ಯೋ ಇದು!” ಎಂದು ನಾನು ಕೂಗಿದರೆ, ಅವನು ಶಾಂತನಾಗಿ ಹೇಳಿದ:

“ಹೆಚ್ಚಿಂದು ಹೊರಗ ಒಗದೈತ್ರಿ. ಶಾಣ್ಯಾ ಮಶೀನ್ ಐತಿ.”

ಕೌದಿಯೊಳಗಿನ ಕೂಸು

ನಾಲ್ಕು ದಿನ ಚಲೋ ನಡೆಯಿತು. ಐದನೆಯ ದಿನ ಮತ್ತೆ ನೊಣ ಸತ್ತಿತು. ಕೊಲ್ಹಾಪುರದಲ್ಲಿ ಒಬ್ಬ ಕಂಪ್ಯೂಟರ್ ದುಕಾನದಾರ ಭಾಳ ಹುಷಾರ ಎಂದು ಯಾರೋ ಹೇಳಿದರು. ಡಬ್ಬಿಯನ್ನು ಅವ್ವನ ಹಳೆಯ ಕೌದಿಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತೆ. ಬಸ್ಸು ಕುಣಿದಾಗೊಮ್ಮೆ ಎರಡೂ ಕೈಯಿಂದ ತಬ್ಬಿಕೊಳ್ಳುತ್ತಿದ್ದೆ. ಎದುರು ಸೀಟಿನಲ್ಲಿ ಒಬ್ಬ ಮುದುಕಿ, ಕಣ್ಣಿನ ಆಪರೇಷನ್ ಆಗಿ ಹಸಿರು ಪಟ್ಟಿ ಕಟ್ಟಿಕೊಂಡವಳು, ಉಳಿದ ಒಂದು ಕಣ್ಣಿನಿಂದ ನನ್ನನ್ನೇ ನೋಡುತ್ತಿದ್ದಳು.

“ಎಷ್ಟ ತಿಂಗಳದ ಕೂಸಪಾ?”

ನನಗೆ ಮೊದಲೇ ತಲೆ ಕೆಟ್ಟಿತ್ತು. “ಎಂಟ ವರ್ಷದ್ದು,” ಅಂದೆ.

“ಅಯ್ಯ ಶಿವನ! ಎಂಟ ವರ್ಷದ್ದಾಗಿ ಕಮಕ್ ಕಿಮಕ್ ಅನವಲ್ದಲ್ಲ?”

“ಅದಕ್ಕ ಡಾಕ್ಟರ ಕಡೆ ಒಯ್ಯಾಕತ್ತೇನಿ.”

ಮುದುಕಿ ಲೊಚಗುಟ್ಟಿ, ಸೆರಗಿನ ಗಂಟಿನಿಂದ ಒಂದು ಖರ್ಜೂರ ತೆಗೆದು, “ಎಚ್ಚರಾದ ಮ್ಯಾಲ ತಿನ್ನಸು” ಎಂದು ಕೌದಿಯೊಳಗೆ ತುರುಕಿದಳು.

ದುಕಾನದಾರ ಡಬ್ಬಿಗೆ ವಾಯರ್ ಜೋಡಿಸಿ ಚಾಲೂ ಮಾಡಿದ. ಅದು ಹದಿನಾರರ ಹುಡುಗಿಯ ಹಾಗೆ ಓಡಿತು. ಒತ್ತಿದ್ದೆಲ್ಲ ಒತ್ತುವುದರೊಳಗೇ ಬಂತು. “ಕಾಕಾ, ಕಾಯ ಬೀ ಝಾಲೇಲಂ ನಾಯ್,” ಅಂದ. ಏನೂ ಆಗಿಲ್ಲವಂತೆ! ನಾನು ಕನ್ನಡದಲ್ಲಿ ಬೈದೆ, ಅವನು ಮರಾಠಿಯಲ್ಲಿ ನಕ್ಕ. ಡಬ್ಬಿಯನ್ನು ಮತ್ತೆ ಕೌದಿಯಲ್ಲಿ ಸುತ್ತುವಾಗ, ಒಳಗೆ ಸಿಕ್ಕಿದ್ದ ಖರ್ಜೂರ ಎತ್ತಿ ಹಿಡಿದು, ಗಂಭೀರ ಮುಖದಿಂದ ಹೇಳಿದ: ಕಾಕಾ, ಕಂಪ್ಯೂಟರಿಗೆ ತಿನ್ನಿಸುವುದು ಮಾತ್ರ ಬಿಡಿರಿ, ಅದರಿಂದಲೇ ಹೀಗೆ ಆಗುತ್ತಿರಬೇಕು.

ಜಿಲೇಬಿ ವೈರಸ್

ಮತ್ತೆ ನಾಲ್ಕೇ ದಿನ. ಅಷ್ಟರಲ್ಲಿ ಗಡಹಿಂಗ್ಲಜದಿಂದ ನನ್ನ ಹೆಂಡತಿಯ ತಮ್ಮ ಕಾರಹುಣ್ಣಿಮೆಗೆ ಬಂದ. ಕಂಪ್ಯೂಟರಿನ ಕೋರ್ಸು ಮಾಡಿದವನು. ನಮ್ಮ ಹಾಗೆಯೇ ಮನೆಯಲ್ಲಿ ಕನ್ನಡ ಆಡುತ್ತಾನೆ, ಕಲಿತದ್ದೆಲ್ಲ ಮರಾಠಿ ಸಾಲೆಯಲ್ಲಿ.

“ದಾಜಿ, ನೀವ ಉಣ್ಣಾಕ ಕುಂಡ್ರಿ. ಐದ ಮಿನಿಟದಾಗ ಸಾಫ್ ಮಾಡಿ ಕೊಡತೇನಿ.”

ಅಷ್ಟು ಹೊತ್ತಿಗೆ ನಾನು ಮೂವತ್ತೆಂಟು ಪದ ಬರೆದಿಟ್ಟಿದ್ದೆ. ಎರಡು ವರ್ಷದ, ಒಂದು ಬೆರಳಿನ ದುಡಿಮೆ. ನಾನು ಎರಡನೆಯ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುವಾಗ ಒಳಗಿನಿಂದ ಕೂಗು ಕೇಳಿಸಿತು.

“ದಾಜಿ, ಸಿಕ್ತರೀ ವೈರಸ್! ಒಂದ ಫೋಲ್ಡರ್ ತುಂಬ ಇತ್ತು. ಜಿಲೇಬಿಗತೆ ಸುತ್ತಿ ಸುತ್ತಿ ಬರದ ಅಕ್ಷರ. ಯಾವ ದೇಶದ್ದೋ ಏನೋ! ಪೂರಾ ಅಳಿಸೇನಿ. ಕಸದ ಬುಟ್ಟಿನೂ ಖಾಲಿ ಮಾಡೇನಿ, ಹೊಳ್ಳಿ ಬರೂ ಹಂಗ ಇಲ್ಲ.”

ಎಂಜಲ ಕೈಯಲ್ಲೇ ಎದ್ದು ಓಡಿದೆ. “ಅದು ಕನ್ನಡೋ! ಕನ್ನಡ! ನಮ್ಮ ಪದಾ!”

ಅವನು ಕಣ್ಣು ಪಿಳಿಪಿಳಿ ಮಾಡಿ, “ಕನ್ನಡ ಹಿಂಗ ಇರತೈತೇನ್ರಿ?” ಎಂದು ಕನ್ನಡದಲ್ಲಿಯೇ ಕೇಳಿದ.

ನಾನು ಕೈ ಎತ್ತಿದೆ. ಖರೇ ಹೇಳುತ್ತೇನೆ, ಹಬ್ಬದ ದಿನ, ಹೊಡೆಯಲಿಕ್ಕೇ ಎತ್ತಿದೆ. ಅಷ್ಟರಲ್ಲಿ ನನ್ನ ಹೆಂಡತಿ ನಡುವೆ ಬಂದಳು. “ಏನ್ರೀ, ಹಬ್ಬದಾಗ ಇದೇನ? ಪಾಪ, ಬಂದಾಗಿಂದ ದುಡಿಯಾಕತ್ತೈತಿ ನನ್ನ ತಮ್ಮ. ಬಾರೋ, ಹೋಳಗಿ ಆರತಾವು.” ನನ್ನ ತಾಟಿನಲ್ಲಿ ಉಳಿದ ತುಪ್ಪದ ಬಟ್ಟಲೂ ಅವನ ಕಡೆಗೆ ಹೋಯಿತು.

ನಿದ್ದೆಗೆಟ್ಟ ದೇವಿ

ಮತ್ತೆ ಮೊದಲಿನಿಂದ, ಈ ಸಲ ಮೊದಲು ಪೆನ್ನು ಹಿಡಿದು ಕಾಗದದ ಮೇಲೆ, ಬರೆಯಲು ಕೂತೆ. ಎರಡನೆಯ ಸಲ ತಿರುವಿದ ಹಾಳೆಗಳು ಹೆದರಿದ ಹಾಗೆಯೇ ಮುರಿದವು. ಚೂರು ಜೋಡಿಸಿ ಜೋಡಿಸಿ ಉಳಿದವನ್ನೆಲ್ಲ ಹಿಡಿದೆ, ಒಂದನ್ನು ಮಾತ್ರ ಬಿಟ್ಟು: ‘ಒಳಮನಿ ಕಸ ಹೊಡಿ, ಒಡೆಯ ಬರತಾನ’ ಎಂಬ ಒಂಬತ್ತು ನುಡಿಯ ಪದ. ಅದರ ಹಾಳೆ ಬೂದಿಯಾಗಿ ಬೆರಳಿಗೆ ಹತ್ತಿತು. ಮಂಡಳಿಯವರನ್ನು ಕೇಳಿದೆ. ಮುರಗೂಡಕ್ಕೆ, ಕುರುಂದವಾಡಕ್ಕೆ ಫೋನ್ ಮಾಡಿದೆ. ಎಲ್ಲರೂ ಮೊದಲ ಸಾಲನ್ನು ಗಟ್ಟಿ ದನಿಯಲ್ಲಿ ಹಾಡಿ, “ಮುಂದಿಂದು ವಹಿ ನೋಡಬೇಕ್ರಿ” ಅಂದರು. ಆ ಪದ ಇಲ್ಲದೆ ಪುಸ್ತಕ ಮಾಡುವುದೆಂದರೆ ಮೂರ್ತಿ ಇಲ್ಲದೆ ಗುಡಿ ಕಟ್ಟಿದ ಹಾಗೆ. ಮಂಡಳಿ ಹೇಳಿದ ಶ್ರಾವಣ ಎಂದೋ ದಾಟಿತ್ತು, ಈ ಶ್ರಾವಣವೂ ವಾರದ ಮೇಲಿತ್ತು. ಕಂಪ್ಯೂಟರ್ ನಿಂತೇ ಇತ್ತು.

ಒಂದು ಮಧ್ಯಾಹ್ನ ಮಂಡಳಿಯಲ್ಲಿ ಹಾರ್ಮೋನಿಯಂ ಬಾರಿಸುವ ಪೇಟಿ ಮಾಸ್ತರರು ಪೇಟಿ ಸಮೇತ ಬಂದರು. ಹಿಂದೆ ಯಾವುದೋ ಆಫೀಸಿನಲ್ಲಿ ಕಂಪ್ಯೂಟರ್ ನೋಡಿಕೊಂಡು ರಿಟಾಯರ್ ಆದವರು. ಸ್ವಲ್ಪ ಹೊತ್ತು ನೋಡಿ, ಕೇಳಿದರು:

“ಇದನ್ನ ಬಂದ್ ಮಾಡಿ ಎಷ್ಟ ದಿನಾ ಆತ್ರಿ?”

“ದಿನಾ ಮಾಡತೇವಲ್ಲ,” ಎಂದು ಕಾಚಿನ ಗುಂಡಿ ಒತ್ತಿ ತೋರಿಸಿದೆ.

“ಇದು ಬರೇ ಕಾಚ ಆತು. ಕೆಳಗಿನ ಡಬ್ಬಿ?”

“ಡಬ್ಬಿ ಯಾಕ ಬಂದ್ ಮಾಡೂದು? ಕರೆಂಟ್ ಹೋದ್ರೂ ಬ್ಯಾಟರಿ ಐತಿ.”

ಮಾಸ್ತರರು ಪೇಟಿಯನ್ನು ಕೆಳಗಿಟ್ಟರು. ಆಮೇಲೆ ಹೇಳಿದರು: ಕಂಪ್ಯೂಟರಿಗೂ ಆಗಾಗ ಬಂದ್ ಆಗಿ ಚಾಲೂ ಆಗುವುದು ಬೇಕು, ಇಲ್ಲವಾದರೆ ತಲೆ ತುಂಬಿ ನಿಲ್ಲುತ್ತದೆ. ಆಗ ನನಗೆ ಬೆಳಗಾಯಿತು. ಜಾಬರ ವಾಯರ್ ಕಿತ್ತಿದ್ದ. ಕೊಲ್ಹಾಪುರಕ್ಕೆ ಒಯ್ಯುವಾಗಲೂ ವಾಯರ್ ಕಿತ್ತಿದ್ದೆ. ನಾಲ್ಕು ನಾಲ್ಕು ದಿನ ನಡೆದದ್ದು ಎಣ್ಣೆಯಿಂದಲ್ಲ, ದುಕಾನದಾರನ ಕೈಗುಣದಿಂದಲ್ಲ! ಸಿಟ್ಟಿಗೆ ಎದ್ದು ಡಬ್ಬಿಯ ಗುಂಡಿಗೆ ಕೈ ಹಾಕಿದೆ.

“ತಗೀ ಕೈ!” ಅವ್ವ ದೇವರ ಕೋಣೆಯಿಂದ ಗುಡುಗಿದಳು.

ಕಂಪ್ಯೂಟರ್ ಬಂದ ದಿನ ಅದರ ಕಾಚಿನ ತುಂಬ ಅಂಬಾಬಾಯಿ ದೇವಿಯ ಫೋಟೋ ಹಾಕಿಸಿದವಳು ಅವ್ವ. ದೀಪ ಆರಿಸು ಎಂಬ ಮಾತನ್ನೇ ಆಡಬಾರದ ಮನೆ ನಮ್ಮದು. “ಪರದಾ ಹಾಕೂದು ಗುಡಿಯಾಗೂ ಐತಿ. ಕಾಚ ಬೇಕಾರ ಮುಚ್ಚ. ದೇವೀನ ಆರಸೂದು ಎಲ್ಲಿ ಕೇಳೀಯೋ?” ಎಂದು ಅವಳು ಅಂದೇ ಹೇಳಿದ್ದಳು. ಅವತ್ತಿನಿಂದ ಮನೆಯಲ್ಲಿ ಯಾರೂ ಡಬ್ಬಿಯ ಗುಂಡಿ ಮುಟ್ಟಿರಲಿಲ್ಲ; ಆ ಎರಡು ಸಲ ವಾಯರ್ ಕಿತ್ತದ್ದೂ ಅವಳ ಕಣ್ಣು ತಪ್ಪಿಸಿ.

ಮಾಸ್ತರರು ಕೈ ಮುಗಿದರು. “ಆಯೀ, ಕೊಲ್ಹಾಪುರದಾಗ ಅಂಬಾಬಾಯಿ ಮಲಗತಾಳೋ ಇಲ್ಲೋ?”

“ಮಲಗದ ಏನ? ಶೇಜಾರತಿ ಮಾಡಿ ಮಲಗಸತಾರ.”

“ಮತ್ತ ನಿಮ್ಮ ಮನ್ಯಾಗ ಎರಡ ವರ್ಷದಿಂದ ಎಚ್ಚರ ಕುಂಡ್ರಿಸೀರಿ. ಆಕಿ ತೂಕಡಿಸಿದ್ರ ಇವರು ಬೈತಾರ.”

ಅವ್ವನ ಮುಖ ಸಣ್ಣದಾಯಿತು. “ಅಯ್ಯ ನನ್ನವ್ವಾ!” ಎಂದು ಕಾಚಿನ ಕೆನ್ನೆ ಸವರಿದಳು. “ಈಗಿಂದೀಗ ಮಲಗಸೂಣು. ನೈವೇದ್ಯ ಆಗೇತಿ. ಪೇಟಿ ತಗೀರಿ.”

ಶೇಜಾರತಿ

ಅವ್ವ ಆರತಿ ಹಿಡಿದಳು. ಮಾಸ್ತರರು ಪೇಟಿ ಹಿಡಿದರು, ಹೆಂಡತಿ ತಾಳ ಹಿಡಿದಳು. ನಾನು ಮಾಸ್ತರರು ಹೇಳಿದಲ್ಲಿ ಒತ್ತಿದೆ. ಕಾಚು ನೀಲಿಯಾಗಿ, ಇಂಗ್ಲಿಷಿನಲ್ಲಿ ಏನೋ ಬಂತು.

“ಏನ ಬರದೈತಿ?” ಅವ್ವ ಕೇಳಿದಳು.

ಮಾಸ್ತರರು ಬಗ್ಗಿ ಓದಿದರು. “ಒಳಗ ಕೆಲಸ ನಡದೈತಿ, ಬಂದ್ ಮಾಡಬ್ಯಾಡ್ರಿ ಅಂತ.”

“ಎರಡ ವರ್ಷದಿಂದ ನಾ ಏನ ಹೇಳಾಕತ್ತಿದ್ನಿ?”

ಹಿಡಿದ ಆರತಿ, ದೇವಿ ಮಲಗುವವರೆಗೂ ಇಳಿಸುವ ಹಾಗಿಲ್ಲ. ನೂರಕ್ಕೆ ಮೂವತ್ತು ಟಕ್ಕೆಗೆ ಬಂದು ಆ ಯಂತ್ರ ಎಮ್ಮೆಯ ಹಾಗೆ ಕೂತಿತು. ನಾವು ಹಾಡಿದೆವು. ಕಂಠಪಾಠ ಇದ್ದದ್ದೆಲ್ಲ ಹಾಡಿದೆವು. ಹೆಂಡತಿ ತಾಳದ ಕೈ ಬದಲಿಸಿದಳು. ಒಂದು ತಾಸಿನ ಮೇಲೆ ಕಾಚು ಕಪ್ಪಾಯಿತು. ಅವ್ವ ಆರತಿ ಇಳಿಸುವುದರೊಳಗೆ ‘ಟಣ್’ ಎಂದು ಸದ್ದಾಗಿ ದೇವಿ ಮತ್ತೆ ನಗುತ್ತ ಕೂತಿದ್ದಳು.

“ಎದ್ದಳು! ಮಾಸ್ತರ, ಪೇಟಿ ಭಾಳ ಜೋರ ಬಾರಿಸಿದ್ರಿ.”

ಮತ್ತೆ ಒತ್ತಿದೆ. ಈ ಸಲ ನಡುವೆ ಒಂದು ಚಕ್ರ ತಿರುಗತೊಡಗಿತು. ನಮ್ಮ ಪದಗಳೆಲ್ಲ ತೀರಿಹೋಗಿದ್ದವು. ಆಗ ಅವ್ವನೇ ಸಣ್ಣ ದನಿ ತೆಗೆದಳು: ‘ಒಳಮನಿ ಕಸ ಹೊಡಿ, ಒಡೆಯ ಬರತಾನ...’ ಮೊದಲ ನುಡಿ ಮುಗಿಸಿ ಎರಡನೆಯದಕ್ಕೆ ಹೋದಳು. ಮೂರನೆಯದಕ್ಕೆ ಹೋದಳು! ಗಂಡಸರು ವಹಿ ಹಿಡಿದು ಹಾಡುವಾಗ ಬಾಗಿಲ ಮರೆಗೆ ಕೂತು ಕೇಳಿದವಳು. ಅಕ್ಷರ ಬಾರದವಳನ್ನು ವಹಿಯ ಮಾತು ಕೇಳಬೇಕೆಂದು ನನ್ನಂಥ ಕಲಿತ ಕತ್ತೆಗೆ ಹೊಳೆದೇ ಇರಲಿಲ್ಲ.

ಪೆನ್ನು ಹುಡುಕಿ, ಗೋಡೆಯ ಕ್ಯಾಲೆಂಡರ್ ಹರಿದು, ಅದರ ಬೆನ್ನಿಗೆ ಬರೆಯುತ್ತ ಹೋದೆ. ಐದು. ಆರು. ಕಾಚಿನ ಚಕ್ರ ಇನ್ನೂ ತಿರುಗುತ್ತಿತ್ತು. ಎರಡು ವರ್ಷ ಯಾವುದನ್ನು ನಿಲ್ಲಬೇಡ ಎಂದು ಬೈದೆನೋ ಅದರ ಮುಂದೆ ಪೆನ್ನು ಹಿಡಿದ ಕೈಯನ್ನೇ ಮುಗಿದೆ: ತಾಯೀ, ಇದೊಂದು ಸಲ ಸಾವಕಾಶ ಮಾಡು, ನಿಂದರು. ಏಳು. ಎಂಟು. ಒಂಬತ್ತನೆಯ ನುಡಿಗೆ ಅವ್ವ ಬಾಯಿ ತೆರೆದಳು. ಹುಟ್ಟಿದಾಗಿನಿಂದ ಒಮ್ಮೆಯೂ ವೇಳೆಗೆ ಸರಿಯಾಗಿ ಏನನ್ನೂ ಮಾಡದ ಆ ಕಂಪ್ಯೂಟರ್ ಟಪ್ಪನೆ ಬಂದ್ ಆಯಿತು.

ಅವ್ವ ಬಾಯಿ ಮುಚ್ಚಿ, ಆರತಿ ಇಳಿಸಿ, ತುಟಿಗೆ ಬೆರಳಿಟ್ಟಳು. “ಶ್! ಮಲಗಿದಳು.”

“ಅವ್ವಾ, ಒಂದ ನುಡಿ ಉಳದೈತಿ!” ನಾನು ಚೀರಿದೆ.

“ಮೆಲ್ಲಕ ಮಾತಾಡ. ಶೇಜಾರತಿ ಆದ ಮ್ಯಾಲ ಹಾಡಬಾರದು. ಆಕಿ ಎದ್ದ ಮ್ಯಾಲ ಹೇಳತೇನಿ.”

“ಯಾವಾಗ ಎಬ್ಬಸೂದು?”

ಅವ್ವ ನನ್ನ ಕೈಯಿಂದ ಪೆನ್ನು ಕಸಿದುಕೊಂಡಳು. “ಎರಡ ವರ್ಷದ ನಿದ್ದಿ ಬಾಕಿ ಐತಿ ಆಕೀದು. ಅವಸರ ಮಾಡಬ್ಯಾಡ.”